ಚಿನ್ನದ ಕಥನ, ಬೀಜದ ಚರಿತ್ರೆ: ಕೊಲಂಬಸನನ್ನು ಕುರಿತ ಚಿತ್ರವೊಂದರ ಪರಿಶೀಲನೆ

ಕೊಲಂಬಸನ ಮೊದಲ ಸಮುದ್ರಯಾನಕ್ಕೆ ಐನೂರು ವರ್ಷ ತುಂಬಿದ 1992ರಲ್ಲಿ ಬ್ರಿಟಿಷ್ ನಿರ್ದೇಶಕ ರಿಡ್ಲಿ ಸ್ಕಾಟ್ ಅವರ ‘1492: ಕಾಂಕ್ವೆಸ್ಟ್ ಆಫ್ ಪ್ಯಾರಡೈಸ್’ ತೆರೆಗೆ ಬಂದಿತು. ಫ್ರೆಂಚ್ ನಟ ಜೆರಾರ್ ದೆಪಾರ್ದ್ಯೂ ಕೊಲಂಬಸನಾಗಿಯೂ ಸಿಗೊರ್ನಿ ವೀವರ್ ರಾಣಿ ಇಸಬೆಲಾ ಆಗಿಯೂ ಅಭಿನಯಿಸಿದ ಈ ಚಿತ್ರಕ್ಕೆ ಸಂಗೀತ ನೀಡಿದವರು ಗ್ರೀಸಿನ ವ್ಯಾಂಗೆಲಿಸ್. ಕೊಲಂಬಸ್ ಹೊರಟದ್ದು ಇಂಡಿಯಾದ ಕಡೆಗೆ. ಚಿತ್ರದಲ್ಲಿ ಇಂಡಿಯಾ ಬರುವುದು ಬರಿಯ ಹೆಸರಾಗಿ. ಅವನು ತಲುಪದೇ ಹೋದ ಆ ದೇಶದ ಒಂದು ಮೂಲೆಯಿಂದ, ಅಂದರೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹೊಲಗಳಿಂದ ಈ ಕೃತಿಯನ್ನು ಪರಿಶೀಲಿಸಿದಾಗ ಅದರ ಸಾಧನೆ, ಮಿತಿಗಳೆರಡೂ ಸ್ಪಷ್ಟವಾಗುತ್ತವೆ.

ಕಡಲು, ಮಂಜು, ಕಾಡುಗಳ ಚಿತ್ರಣದಲ್ಲಿ ನಿರ್ದೇಶಕರ ಪ್ರತಿಭೆ ನಿಸ್ಸಂದೇಹವಾದುದು. ಆರಂಭದಲ್ಲಿ ಕೊಲಂಬಸ್ ಕಿತ್ತಳೆಹಣ್ಣೊಂದನ್ನು ಹಿಡಿದು ಭೂಮಿಯ ದುಂಡನೆಯ ಆಕಾರವನ್ನು ಮಗನಿಗೆ ವಿವರಿಸುವ ಸನ್ನಿವೇಶ ಸರಳವೂ ಪರಿಣಾಮಕಾರಿಯೂ ಆಗಿದೆ. ಆದರೆ ವಿಜಯದ ಹಿಂಸೆಯನ್ನು ನಿರೂಪಿಸುವಾಗ ಚಿತ್ರಕಥೆ ಹೊಣೆಯನ್ನು ಸ್ಥಳಾಂತರಿಸುತ್ತದೆ. ಚಿನ್ನ ತರದ ಮೂಲನಿವಾಸಿಯ ಕೈ ಕತ್ತರಿಸುವವನು ಮೊಹಿಕಾ ಎಂಬ ದುಷ್ಟ ಸರದಾರ; ಅವನನ್ನು ತಡೆಯುವವನು ಕೊಲಂಬಸ್. ಚರಿತ್ರೆ ಹೇಳುವುದು ಬೇರೆ. ಹಿಸ್ಪಾನಿಯೋಲಾ ದ್ವೀಪದಲ್ಲಿ ಹದಿನಾಲ್ಕು ವರ್ಷ ಮೀರಿದ ತಾಯಿನೊ ಜನ ಮೂರು ತಿಂಗಳಿಗೊಮ್ಮೆ ಚಿನ್ನದ ಕಪ್ಪ ಒಪ್ಪಿಸಬೇಕೆಂಬ ಕಟ್ಟಳೆಯನ್ನು ಹೇರಿದವನು ಕೊಲಂಬಸನೇ. 1495ರಲ್ಲಿ ಸುಮಾರು 500 ಮಂದಿಯನ್ನು ಗುಲಾಮರಾಗಿ ಸ್ಪೇನಿಗೆ ಸಾಗಿಸಿದ ಹೊಣೆಯೂ ಅವನದೇ. ಒಂದು ಆಡಳಿತ ಪದ್ಧತಿಯ ಕ್ರೌರ್ಯವನ್ನು ಒಬ್ಬ ವ್ಯಕ್ತಿಯ ದುರ್ಗುಣವಾಗಿಸಿ ನಾಯಕನನ್ನು ಕನಸುಗಾರನಾಗಿ ಉಳಿಸಿಕೊಂಡದ್ದು ಈ ಚಿತ್ರದ ಮೊದಲ ದೋಷ.

ಇದರ ನಡುವೆಯೂ ಒಂದು ಪ್ರಸಂಗ ಗಮನಾರ್ಹ. ಸ್ಪ್ಯಾನಿಷ್ ಕಲಿತು ದುಭಾಷಿಯಾಗಿದ್ದ ಉತಪಾನ್ ಕೊನೆಗೆ ಕಾಡಿಗೆ ಮರಳುವಾಗ, ಕೊಲಂಬಸ್ ತನ್ನ ಭಾಷೆಯನ್ನು ಎಂದೂ ಕಲಿಯಲಿಲ್ಲವೆಂದು ಆಕ್ಷೇಪಿಸುತ್ತಾನೆ. ಇಡೀ ಚಿತ್ರದ ನಿಶಿತವಾದ ವಿಮರ್ಶೆ ಇರುವುದು ಇಲ್ಲಿ. ತಾನು ಕಂಡ ಜನರಿಗೆ ‘ಇಂಡಿಯನ್ನರು’ ಎಂದು ಹೆಸರಿಟ್ಟವನಿಗೆ ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆಂಬುದು ಮುಖ್ಯವಾಗಲಿಲ್ಲ.

ಚಿತ್ರದ ಎರಡನೆಯ ದೋಷ ಇನ್ನೂ ಮೂಲಭೂತವಾದುದು. ಯಾನದ ಫಲವನ್ನು ಅದು ಚಿನ್ನದಲ್ಲಿ ಅಳೆಯುತ್ತದೆ, ಬೀಜವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1492ರ ನವೆಂಬರಿನಲ್ಲಿ ಕೊಲಂಬಸನ ಜನ ಕ್ಯೂಬಾದಲ್ಲಿ ಮೆಕ್ಕೆಜೋಳವನ್ನು ಕಂಡರು. 1493ರ ಜನವರಿ 15ರ ದಿನಚರಿಯಲ್ಲಿ ಅವನು ಅಲ್ಲಿನ ಮೆಣಸಿನಕಾಯಿಯನ್ನು ಕಾಳುಮೆಣಸಿಗಿಂತ ಮೇಲೆಂದು ದಾಖಲಿಸಿದನು. ಮೆಣಸನ್ನು ಅರಸಿ ಹೋದವನಿಗೆ ದೊರೆತದ್ದು ಮೆಣಸಿನಕಾಯಿ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತದ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ಒಳನಾಡನ್ನು ಸೇರಿತು. ಈ ನಾಲ್ಕು ತಾಲೂಕುಗಳ ನೆರೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ, ಸಾಗರದಾಚೆಯ ಬೆಳೆಯೊಂದು ಈ ನೆಲದ ಗುರುತಾಗಿ ಕಾನೂನಿನ ಮುದ್ರೆ ಪಡೆಯಿತು.

ಹೊಸ ಬೆಳೆಗಳನ್ನು ಕನ್ನಡದ ಒಕ್ಕಲಿಗ ಹೆಸರಿಸಿದ ರೀತಿ ಕೊಲಂಬಸನ ರೀತಿಗಿಂತ ಭಿನ್ನ. ಮೆಣಸಿನ ಹೆಸರನ್ನು ವಿಸ್ತರಿಸಿ ಮೆಣಸಿನಕಾಯಿ ಎಂದನು. ಜೋಳದ ಸಾಲಿಗೆ ಸೇರಿಸಿ ಗೋವಿನಜೋಳ ಎಂದನು. ಬಟಾಟೆ, ಪೇರಲಗಳಲ್ಲಿ ಪೋರ್ಚುಗೀಸ್ ಪದಗಳನ್ನೇ ತನ್ನ ನಾಲಿಗೆಗೆ ಒಗ್ಗಿಸಿಕೊಂಡನು. ಕೊಲಂಬಸನ ನಾಮಕರಣ ಒಡೆತನದ ಘೋಷಣೆಯಾಗಿದ್ದರೆ, ಇಲ್ಲಿಯದು ಹೊಸತನ್ನು ಮನೆಯೊಳಕ್ಕೆ ಕರೆದುಕೊಳ್ಳುವ ಕ್ರಮ.

ಆದರೂ ಬೀಜದ ಚರಿತ್ರೆಯನ್ನು ನಿರ್ದೋಷಿಯೆಂದು ಬಗೆಯುವುದು ಸರಿಯಾಗದು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸಿದಾಗ ಅದರ ಹಿಂದೆ ಇದ್ದದ್ದು ಇಂಗ್ಲೆಂಡಿನ ಗಿರಣಿಗಳ ಬೇಡಿಕೆ. ಇಂದು ಈ ಭಾಗದಲ್ಲಿ ವ್ಯಾಪಕವಾಗಿರುವ ಗೋವಿನಜೋಳವೂ ಬಹುಪಾಲು ಕೋಳಿ ಆಹಾರಕ್ಕೆ, ಕೈಗಾರಿಕೆಗೆ ಹೋಗುವ ಬೆಳೆ. ಬೆಳೆದವನ ರೊಟ್ಟಿ ಇನ್ನೂ ಬಿಳಿಜೋಳದ್ದೇ. ಬೆಳೆಯ ದರವನ್ನು ದೂರದ ಪೇಟೆ ನಿರ್ಧರಿಸುವ ವ್ಯವಸ್ಥೆಯ ಬೇರುಗಳು ಆ ನೌಕಾಯಾನಗಳ ಕಾಲದವರೆಗೂ ಚಾಚಿವೆ.

1756ರಲ್ಲಿ ಪೇಶ್ವೆ, ನಿಜಾಮರ ಸೇನೆಗಳೊಡನೆ ಫ್ರೆಂಚ್ ಸೇನಾನಿ ಬುಸ್ಸಿ ಸವಣೂರಿಗೆ ಮುತ್ತಿಗೆ ಹಾಕಿದ್ದು ಗ್ರಂಥಗಳಲ್ಲಿ ದಾಖಲಾಗಿದೆ. ಮೆಣಸಿನಕಾಯಿಯ ಮೊದಲ ಬೀಜ ಸವಣೂರಿನ ಹೊಲದಲ್ಲಿ ಮೊಳೆತ ದಿನಕ್ಕೆ ದಾಖಲೆಯಿಲ್ಲ. ಫಿರಂಗಿಗೆ ತಾರೀಖು ಕೊಟ್ಟು ಬೀಜಕ್ಕೆ ಕೊಡದ ಇತಿಹಾಸಲೇಖನದ ಅಭ್ಯಾಸವನ್ನೇ ಸ್ಕಾಟ್ ಅವರ ಚಿತ್ರವೂ ಪಾಲಿಸಿದೆ. ನೌಕಾಯಾನದ ಚರಿತ್ರೆ ಪೂರ್ಣಗೊಳ್ಳಬೇಕಾದರೆ ನಾವಿಕನ ದಿನಚರಿಯ ಪಕ್ಕದಲ್ಲಿ ಉತಪಾನನ ಆಕ್ಷೇಪವನ್ನೂ ಒಕ್ಕಲಿಗನ ಪದಕೋಶವನ್ನೂ ಇಟ್ಟು ಓದುವುದು ಅವಶ್ಯ.