ಹೆಣದ ಕೈಯ ಓಲೆ

ಎರಡನೇ ಮಹಾಯುದ್ಧದ ಗುಪ್ತ ಕಾರ್ಯಾಚರಣೆಗಳಲ್ಲಿ ‘ಆಪರೇಷನ್ ಮಿನ್ಸ್‌ಮೀಟ್’ಗೆ ಸಿಕ್ಕಷ್ಟು ಹೊಗಳಿಕೆ ಕೆಲವಕ್ಕಷ್ಟೇ ಸಿಕ್ಕಿದೆ. ಅದು ಎರಡು ಸಲ ಸಿನಿಮಾ ಆಯಿತು, ಲಂಡನ್ನಿನಲ್ಲಿ ಸಂಗೀತ ನಾಟಕವೂ ಆಯಿತು. ಈ ಹೊಗಳಿಕೆಯಲ್ಲಿ ಅರ್ಧ ನ್ಯಾಯವಾದದ್ದೇ. ಉಳಿದರ್ಧ, ಕಥೆ ಹೆಣೆದವರೇ ಕಥೆ ಹೇಳಲು ಕೂತದ್ದರ ಫಲ.

1943ರಲ್ಲಿ ಉತ್ತರ ಆಫ್ರಿಕಾ ಕೈಗೆ ಬರುತ್ತಿದ್ದಂತೆ ಮಿತ್ರಪಡೆಗಳ ಮುಂದಿನ ಗುರಿ ಸಿಸಿಲಿ ಎಂದು ನಕಾಶೆ ನೋಡಿದ ಯಾರಾದರೂ ಊಹಿಸಬಹುದಿತ್ತು. ಶತ್ರುವಿನ ಕಣ್ಣನ್ನು ಬೇರೆ ಕಡೆಗೆ ತಿರುಗಿಸಬೇಕಿತ್ತು. ಬ್ರಿಟಿಷ್ ನೌಕಾ ಗುಪ್ತಚರ ವಿಭಾಗದ ಎವೆನ್ ಮಾಂಟೆಗು ಮತ್ತು ವಾಯುಪಡೆಯ ಚಾರ್ಲ್ಸ್ ಚಮ್ಲಿ ಒಂದು ಶವ ಹುಡುಕಿ ಅದಕ್ಕೆ ಸಮವಸ್ತ್ರ ತೊಡಿಸಿದರು, ‘ಮೇಜರ್ ವಿಲಿಯಂ ಮಾರ್ಟಿನ್’ ಎಂದು ಹೆಸರಿಟ್ಟರು. ಗ್ರೀಸ್ ಮತ್ತು ಸಾರ್ಡೀನಿಯಾದ ಮೇಲೆ ದಾಳಿ ನಡೆಯಲಿದೆ ಎಂಬ ಸುಳಿವಿದ್ದ ಪತ್ರಗಳ ಪೆಟ್ಟಿಗೆಯನ್ನು ಅದಕ್ಕೆ ಸರಪಳಿಯಿಂದ ಬಿಗಿದರು. ಏಪ್ರಿಲ್ 30ರ ನಸುಕಿನಲ್ಲಿ ‘ಸೆರಾಫ್’ ಜಲಾಂತರ್ಗಾಮಿ ಆ ಶವವನ್ನು ಸ್ಪೇನಿನ ಹುವೆಲ್ವಾ ಬಳಿ ಕಡಲಿಗೆ ಬಿಟ್ಟಿತು.

ಇದರ ಕಸುಬುದಾರಿಕೆಗೆ ಮಾತ್ರ ತಲೆದೂಗಲೇಬೇಕು. ಮೇಜರನ ಜೇಬಿನಲ್ಲಿ ಪ್ರೇಯಸಿ ‘ಪ್ಯಾಮ್’ಳ ಕಾಗದಗಳಿದ್ದವು, ಅವಳ ಫೋಟೊ ಇತ್ತು (ಫೋಟೊದಲ್ಲಿದ್ದವಳು ಗುಪ್ತಚರ ಇಲಾಖೆಯದೇ ಗುಮಾಸ್ತೆ). ಉಂಗುರ ಕೊಂಡ ಬಿಲ್ಲು, ಖಾತೆಯಲ್ಲಿ ಹಣವಿಲ್ಲವೆಂದು ಬ್ಯಾಂಕಿನವರು ಬರೆದ ಪತ್ರ, ಹರಿದ ನಾಟಕದ ಟಿಕೆಟುಗಳೂ ಇದ್ದವು. ಸಾಲಗಾರನಾದ ಪ್ರೇಮಿಯನ್ನು ಯಾರೂ ಅನುಮಾನಿಸುವುದಿಲ್ಲ ಎಂಬ ತಿಳಿವಳಿಕೆ ಒಳ್ಳೆಯ ಕಾದಂಬರಿಕಾರನದು. ಮುಖ್ಯ ಪತ್ರದ ಹಲವು ಕರಡುಗಳು ತಿರಸ್ಕೃತವಾದ ಮೇಲೆ, ಯಾರ ಹೆಸರಿನಲ್ಲಿ ಅದು ಹೋಗಬೇಕಿತ್ತೋ ಆ ಜನರಲ್ ನೈ ತಾನೇ ಕೂತು ಬರೆದ. ಮಡಿಕೆಯೊಳಗೆ ಒಂದು ಕಣ್ರೆಪ್ಪೆಯ ಕೂದಲಿಟ್ಟಿದ್ದರು. ಪತ್ರ ಲಂಡನ್ನಿಗೆ ಮರಳಿದಾಗ ಅದು ಇರಲಿಲ್ಲ.

ಕಳ್ಳ ಓಲೆಯಿಂದ ಯುದ್ಧ ಗೆಲ್ಲುವ ಕಥೆ ನಮಗೆ ಹೊಸದಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ವಾಗಿ ಕನ್ನಡಕ್ಕೆ ಒಗ್ಗಿಸಿದ. ಮೂಲ ನಾಟಕದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯೊತ್ತಿದ ಸುಳ್ಳು ಪತ್ರದೊಂದಿಗೆ ಸಿಕ್ಕಿಬೀಳುವವನು ಚಾಣಕ್ಯನ ಬಂಟ ಸಿದ್ಧಾರ್ಥಕ. ಅವನು ಏಟು ತಿನ್ನುತ್ತಾನೆ, ಆದರೆ ತಾನು ಏನು ಹೊತ್ತಿದ್ದೇನೆ, ಯಾರಿಗಾಗಿ ಎಂಬುದು ಅವನಿಗೆ ಗೊತ್ತು. ಹುವೆಲ್ವಾದ ದಡ ಸೇರಿದವನಿಗೆ ಆ ಭಾಗ್ಯವಿರಲಿಲ್ಲ.

ಅವನು ಗ್ಲಿಂಡರ್ ಮೈಕೆಲ್, ವೇಲ್ಸ್‌ನ ಗಣಿ ಕಾರ್ಮಿಕನ ಮಗ. ನೆಲೆಯಿಲ್ಲದೆ ಲಂಡನ್ನಿನಲ್ಲಿ ಅಲೆದು, ಇಲಿಪಾಷಾಣ ಹೊಟ್ಟೆ ಸೇರಿ 1943ರ ಜನವರಿಯಲ್ಲಿ 34ರ ವಯಸ್ಸಿನಲ್ಲಿ ಸತ್ತ. 1953ರಲ್ಲಿ ಮಾಂಟೆಗು ಬರೆದ ‘ದಿ ಮ್ಯಾನ್ ಹೂ ನೆವರ್ ವಾಸ್’ ಪುಸ್ತಕದ ಪ್ರಕಾರ ಆ ವ್ಯಕ್ತಿ ಸತ್ತದ್ದು ನ್ಯುಮೋನಿಯಾದಿಂದ, ಶವ ಸಿಕ್ಕಿದ್ದು ಬಂಧುಗಳ ಒಪ್ಪಿಗೆಯಿಂದ. ಮೈಕೆಲ್‌ನ ತಂದೆ ತಾಯಿ ಇಬ್ಬರೂ ಅವನಿಗಿಂತ ಮೊದಲೇ ತೀರಿಕೊಂಡಿದ್ದರು. ಶತ್ರುವಿಗೆ ಸುಳ್ಳು ಹೇಳಿದ್ದನ್ನು ಯುದ್ಧನೀತಿ ಎನ್ನೋಣ. ಯುದ್ಧ ಮುಗಿದು ಎಂಟು ವರ್ಷಗಳಾದ ಮೇಲೆ ಓದುಗರಿಗೂ ಹೇಳಿದ್ದನ್ನು ಏನೆನ್ನಬೇಕು? ಕೈಮವನ್ನು ನೆನಪಿಸುವ ‘ಮಿನ್ಸ್‌ಮೀಟ್’ ಎಂಬ ಗುಪ್ತನಾಮ ಪಟ್ಟಿಯಲ್ಲಿ ಕಂಡಾಗ ಶವದ ಕೆಲಸಕ್ಕೆ ಇದೇ ಸರಿ ಎಂದು ಆರಿಸಿದವನೂ ಮಾಂಟೆಗುವೇ. ಸತ್ತ ಸೈನಿಕನ ತಾಯಿಗೆ ನೋವಾಗುವಂಥ ತಮಾಷೆಯ ಹೆಸರುಗಳು ಬೇಡವೆಂದು ಚರ್ಚಿಲ್ ತಾಕೀತು ಮಾಡಿದ್ದು 1943ರ ಆಗಸ್ಟಿನಲ್ಲಿ.

ಇನ್ನು ಸೈನಿಕ ಫಲ. ಸಾರ್ಡೀನಿಯಾ ಮತ್ತು ಗ್ರೀಸಿನ ಪೆಲೊಪೊನೀಸ್ ರಕ್ಷಣೆಗೆ ಮೊದಲ ಆದ್ಯತೆ ಎಂದು ಹಿಟ್ಲರ್ ಮೇ 12ರಂದು ಆಜ್ಞಾಪಿಸಿದ, ಫ್ರಾನ್ಸ್‌ನಲ್ಲಿದ್ದ ಒಂದು ಪಾಂಜರ್ ಡಿವಿಜನ್ ಗ್ರೀಸಿಗೆ ಹೋಯಿತು. ಇದು ಸಣ್ಣದಲ್ಲ. ಆದರೆ ಬಾಲ್ಕನ್ ಭಯ ಹಿಟ್ಲರನಿಗೆ ಮೊದಲೇ ಇತ್ತು. ಕೈರೋದಿಂದ ಡಡ್ಲಿ ಕ್ಲಾರ್ಕ್‌ನ ತಂಡ ‘ಬಾರ್ಕ್ಲೇ’ ಎಂಬ ಯೋಜನೆಯಡಿ ಇಲ್ಲದ ಸೈನ್ಯವನ್ನೇ ಸೃಷ್ಟಿಸಿ ಆ ಭಯಕ್ಕೆ ಗೊಬ್ಬರ ಹಾಕುತ್ತಿತ್ತು. ಮಿನ್ಸ್‌ಮೀಟ್ ಆ ದೊಡ್ಡ ಮೋಸದ ಒಂದು ತುಂಡು. ತುಂಡಿನಲ್ಲಿ ಹೆಣ, ಪ್ರೇಮಪತ್ರ ಇದ್ದವು, ಸಿನಿಮಾ ಅದನ್ನೇ ಹಿಡಿಯಿತು. ಸುಳ್ಳು ರೇಡಿಯೊ ಸಂದೇಶ ಕುಟ್ಟಿದವರ ಮೇಲೆ ಯಾರು ಸಿನಿಮಾ ಮಾಡುತ್ತಾರೆ? ಜುಲೈ 10ರಂದು ದಾಳಿ ಶುರುವಾದ ಮೇಲೆ ಸಿಸಿಲಿ ಸುಲಭವಾಗಿಯೂ ಬೀಳಲಿಲ್ಲ. ಯುದ್ಧ ಆಗಸ್ಟ್ 17ರವರೆಗೆ ಎಳೆಯಿತು, ಸುಮಾರು 40 ಸಾವಿರ ಜರ್ಮನ್ ಸೈನಿಕರು ಮೆಸ್ಸಿನಾ ಜಲಸಂಧಿ ದಾಟಿ ಪಾರಾದರು.

ಸಹಾಯಕ ತಂತ್ರವಾಗಿ ಮಿನ್ಸ್‌ಮೀಟ್ ಉತ್ತಮ ದರ್ಜೆಯದು, ಯುದ್ಧದ ಗತಿ ತಿರುಗಿಸಿದ ಪವಾಡವಲ್ಲ. ಮಾಂಟೆಗುವಿನ ಪುಸ್ತಕವನ್ನು ಓದುವವರು ಸೊಗಸಾದ ಕಾದಂಬರಿಯೆಂದು ಓದಲಿ. ನಡೆದದ್ದು ತಿಳಿಯಬೇಕಿದ್ದರೆ ಬೆನ್ ಮಕಿಂಟೈರ್ 2010ರಲ್ಲಿ ಬರೆದ ‘ಆಪರೇಷನ್ ಮಿನ್ಸ್‌ಮೀಟ್’ ಹಿಡಿಯಿರಿ.