ಕಾರ್ನ್‌ವಾಲಿಸ್‌ನ ಕಾಲ ಕೆಳಗಿನ ಮಕ್ಕಳು

ಚೆನ್ನೈಗೆ ಬಂದ ನೆಂಟರನ್ನು ನಾವು ಮರೀನಾಕ್ಕೆ ಕರೆದೊಯ್ಯುತ್ತೇವೆ, ಮೈಲಾಪುರಕ್ಕೂ ಕರೆದೊಯ್ಯುತ್ತೇವೆ. ಸೇಂಟ್ ಜಾರ್ಜ್ ಕೋಟೆಯೊಳಗಿನ ಮ್ಯೂಸಿಯಂ ನೆನಪಾಗುವುದು ಕಡಿಮೆ. ಕೋಟೆಯಲ್ಲಿ ಇಂದಿಗೂ ತಮಿಳುನಾಡಿನ ಸಚಿವಾಲಯವಿದೆ. ಪೊಲೀಸ್ ತಪಾಸಣೆ ದಾಟಿಯೇ ಒಳಗೆ ಹೋಗಬೇಕು. ಆದರೂ ಕನ್ನಡಿಗರು ಒಮ್ಮೆ ಹೋಗಲೇಬೇಕು, ಸ್ವಲ್ಪ ತಕರಾರು ಮಾಡುವ ಮನಸ್ಸಿಟ್ಟುಕೊಂಡೇ ಹೋಗಬೇಕು ಎನ್ನುವುದು ನನ್ನ ಮಾತು.

1795ರಲ್ಲಿ ಕಟ್ಟಿ ಮುಗಿಸಿದ ಈ ಕಟ್ಟಡ ಮೊದಲಿಗೆ ಎಕ್ಸ್‌ಚೇಂಜ್, ಅಂದರೆ ವರ್ತಕರು ಸೇರಿ ವ್ಯವಹಾರ ಕುದುರಿಸುವ ಜಾಗ. ಕೆಳಗೆ ಬ್ಯಾಂಕು, ಮಹಡಿಯ ಉದ್ದನೆಯ ಹಾಲಿನಲ್ಲಿ ಸಭೆ, ಲಾಟರಿ, ಮನರಂಜನೆ. 1796ರಿಂದ 1844ರವರೆಗೆ ತಾರಸಿಯ ಮೇಲೆ ಮದ್ರಾಸಿನ ಮೊದಲ ದೀಪಸ್ತಂಭ ಉರಿಯುತ್ತಿತ್ತು. ಮುಂದೆ ಸರ್ಕಾರದ ಕೈಸೇರಿ ಸೇನಾಧಿಕಾರಿಗಳ ಮೆಸ್ ಆಯಿತು. 1948ರಲ್ಲಿ ಮ್ಯೂಸಿಯಂ ಆಗಿ ಜನರಿಗೆ ತೆರೆಯಿತು.

ಒಳಗೆ ಕಾರ್ನ್‌ವಾಲಿಸ್‌ನ ಎತ್ತರದ ಅಮೃತಶಿಲೆಯ ಪ್ರತಿಮೆಯಿದೆ. ಕೆತ್ತಿದವನು ಇಂಗ್ಲೆಂಡಿನ ಥಾಮಸ್ ಬ್ಯಾಂಕ್ಸ್. ಎಲ್ಲರೂ ತಲೆಯೆತ್ತಿ ಮುಖ ನೋಡುತ್ತಾರೆ. ನೀವು ತಲೆತಗ್ಗಿಸಿ ಪೀಠ ನೋಡಿ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಳುಗಳಾಗಿ ಸ್ವೀಕರಿಸುವ ದೃಶ್ಯ ಅಲ್ಲಿದೆ.

ನಡೆದದ್ದು ಶ್ರೀರಂಗಪಟ್ಟಣದಲ್ಲಿ, 1792ರಲ್ಲಿ. ಯುದ್ಧ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ತೆರಲು ಒಪ್ಪಬೇಕಾಯಿತು. ಹಣ ಬರುವವರೆಗೆ ಮಕ್ಕಳಾದ ಅಬ್ದುಲ್ ಖಾಲಿಕ್, ಮುಯಿಝುದ್ದೀನ್ ಅಡಮಾನ. ಅವರನ್ನು ಮದ್ರಾಸಿಗೆ ತಂದಿಟ್ಟುಕೊಂಡರು. ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಬಿಟ್ಟುಕೊಟ್ಟ ನೆಲದಲ್ಲಿ ಕಂಪನಿಯ ಜೊತೆ ಹೈದರಾಬಾದಿನ ನಿಜಾಮನಿಗೂ ಪುಣೆಯ ಪೇಶ್ವೆಗೂ ಪಾಲು ಸಿಕ್ಕಿತು. ಆ ಎರಡು ಊರುಗಳಲ್ಲಿರುವ ಓದುಗರು ಇದನ್ನು ಗಮನಿಸಬೇಕು.

ಶಿಲ್ಪದ ಕೆಲಸ ಅಂದವಾಗಿದೆ, ನನ್ನ ಆಕ್ಷೇಪ ಅದಕ್ಕಲ್ಲ. ವಸೂಲಿಯನ್ನು ವಾತ್ಸಲ್ಯದಂತೆ ಕಾಣಿಸುವುದು ಅದರ ಉದ್ದೇಶ. ಗೆದ್ದವರು ದುಡ್ಡು ಕೊಟ್ಟು ಮಾಡಿಸಿದ ಕಲೆಗೆ ಇದು ಸಹಜ. ಆಕ್ಷೇಪ ಇರುವುದು ಮ್ಯೂಸಿಯಂನ ಜೋಡಣೆಗೆ. ಆಯುಧ ಒಂದು ಕಡೆ, ನಾಣ್ಯ ಇನ್ನೊಂದು ಕಡೆ, ಪಿಂಗಾಣಿ, ಭಾವಚಿತ್ರ, ಮುದ್ರಿತ ಚಿತ್ರಗಳು ಮತ್ತೊಂದು ಕಡೆ. ವಸ್ತುಗಳನ್ನು ಜಾತಿವಾರು ವಿಂಗಡಿಸಿದಾಗ ಅವುಗಳ ನಡುವಿನ ನೆಂಟಸ್ತಿಕೆ ಕಳಚಿಹೋಗುತ್ತದೆ. ಆಯುಧದಿಂದ ನಾಣ್ಯ ಬಂತು, ನಾಣ್ಯದಿಂದ ಪಿಂಗಾಣಿ ಬಂತು, ಕೊನೆಗೆ ಭಾವಚಿತ್ರ ಬರೆಸಿಕೊಳ್ಳುವಷ್ಟು ಪ್ರತಿಷ್ಠೆ ಬಂತು. ಈ ಸರಪಳಿಯನ್ನು ನೋಡುಗನೇ ಕಟ್ಟಿಕೊಳ್ಳಬೇಕು. ಮಕ್ಕಳು ಮರಳಿದ ಮರುವರ್ಷವೇ ಮುಗಿದ ಈ ವ್ಯಾಪಾರದ ಮನೆ ಸ್ವತಃ ಅತಿ ದೊಡ್ಡ ಪ್ರದರ್ಶನವಸ್ತು ಎಂಬುದು ಹಾಗಾಗಿ ಮರೆಯಾಗುತ್ತದೆ.

ಟಿಪ್ಪುವನ್ನು ಕುರಿತು ನಮ್ಮಲ್ಲಿ ಜಗಳ ಮುಗಿದಿಲ್ಲ. ಕೊಡಗಿನ ನೆನಪು ಶ್ರೀರಂಗಪಟ್ಟಣದ್ದಕ್ಕಿಂತ ಬೇರೆ. ಆದರೆ ಸಾಲಕ್ಕೆ ಮಕ್ಕಳನ್ನು ಇರಿಸಿಕೊಂಡದ್ದನ್ನು ಔದಾರ್ಯವೆಂದು ಕೆತ್ತಿದ ಕಲ್ಲನ್ನು ಸುಮ್ಮನೆ ಒಪ್ಪಿಕೊಳ್ಳಲು ಯಾವ ಪಕ್ಷದವರಿಗೂ ಕಾರಣವಿಲ್ಲ.

ಪ್ರತಿಮೆಯನ್ನು ತೆಗೆಯಿರಿ ಎನ್ನುವವನು ನಾನಲ್ಲ. ತೆಗೆದರೆ ಸುಳ್ಳಿನ ಜೊತೆ ಸಾಕ್ಷಿಯೂ ಹೋಗುತ್ತದೆ. ಇದೇ ಕಟ್ಟಡದ ಮೇಲಂತಸ್ತಿನಲ್ಲಿ 1947ರ ಆಗಸ್ಟ್ 15ರಂದು ಈ ಕೋಟೆಯ ಮೇಲೆ ಹಾರಿದ ತ್ರಿವರ್ಣ ಧ್ವಜವನ್ನು ಜೋಪಾನವಾಗಿ ಇರಿಸಿದ್ದಾರೆ. ಧ್ವಜಕ್ಕೆ ಸಲ್ಲುವ ಆ ಗಮನದಲ್ಲಿ ಒಂದು ಪಾಲು ಪೀಠಕ್ಕೂ ಸಿಗಲಿ: ಮೂರು ಕೋಟಿ ಮೂವತ್ತು ಲಕ್ಷ, ಇಬ್ಬರು ಹುಡುಗರು, ಎರಡು ವರ್ಷ. ಇಷ್ಟನ್ನು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಸಾಧ್ಯವಾದರೆ ಆ ಮಕ್ಕಳು ಬಿಟ್ಟುಬಂದ ನಾಡಿನ ಕನ್ನಡದಲ್ಲೂ ದೊಡ್ಡ ಅಕ್ಷರದಲ್ಲಿ ಬರೆದಿಟ್ಟರೆ ಸಾಕು.