ಡಿಸ್ಕ್ ದೊಡ್ಡದಾಯಿತು, ಕನ್ನಡ ಎಲ್ಲಿ ಹೋಯಿತು?

ನಿಮ್ಮ ಗಣಕದ ಹಾರ್ಡ್ ಡಿಸ್ಕ್ ತುಂಬಿದೆ. ದೊಡ್ಡದೊಂದನ್ನು ಹಾಕಿಸಲು ಅಂಗಡಿಗೆ ಒಯ್ಯುತ್ತೀರಿ. ಅಲ್ಲಿ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: “ಹೊಸದಾಗಿ ವಿಂಡೋಸ್ ಹಾಕಿಬಿಡೋಣ ಸಾರ್, ನಿಮ್ಮ ಫೈಲುಗಳನ್ನು ಕಾಪಿ ಮಾಡಿ ಕೊಡ್ತೀವಿ.” ಈ ಸಲಹೆ ಸುಳ್ಳಲ್ಲ, ಆದರೆ ಅಪೂರ್ಣ. ಅದರ ಬೆಲೆ ತೆರುವವರು ಮಾತ್ರ ನೀವು.

ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ನನಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಸುತ್ತಲಿನ ಹಿರಿಯರಿಂದ ಕೇಳಿದ ಹಾಡು, ಗಾದೆ, ಮಳೆ–ಬೆಳೆಯ ಲೆಕ್ಕಾಚಾರಗಳನ್ನು ಅವರು ವರ್ಷಗಟ್ಟಲೆ ‘ನುಡಿ’ಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. 500 ಗಿಗಾಬೈಟ್ ಡಿಸ್ಕಿನ ಬದಲು 1 ಟೆರಾಬೈಟಿನದನ್ನು ಹಾಕಿಸಿ ಮನೆಗೆ ತಂದು ತೆರೆದರು. ಕಡತಗಳ ಹೆಸರು ಸರಿಯಿದೆ, ಗಾತ್ರವೂ ಸರಿಯಿದೆ. ಒಳಗೆ ಮಾತ್ರ ಕನ್ನಡವಿಲ್ಲ! ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ಸಂತೆ. “ನನ್ನ ಬರಹವೆಲ್ಲ ಕೆಟ್ಟುಹೋಯಿತೇ?” ಎಂದು ಅವರು ಕೇಳಿದಾಗ ದನಿ ನಡುಗುತ್ತಿತ್ತು.

ಬರಹ ಕೆಟ್ಟಿರಲಿಲ್ಲ. ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಇರುವುದು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಆ ಫಾಂಟ್ ಇರುವುದು ನಿಮ್ಮ ಕಡತಗಳ ಜೊತೆಯಲ್ಲಲ್ಲ, ಕಾರ್ಯಾಚರಣ ವ್ಯವಸ್ಥೆಯ ಕಡತಕೋಶದಲ್ಲಿ. ಅಂಗಡಿಯವರು ಕಡತಗಳನ್ನು ಸಾಗಿಸಿದರು, ಅವುಗಳ ಅರ್ಥವನ್ನು ಹಳೆಯ ಡಿಸ್ಕಿನಲ್ಲೇ ಬಿಟ್ಟರು.

ಹಾಗಾದರೆ ವಿಂಡೋಸ್‌ನ ಕಡತಗಳನ್ನೂ ಸೇರಿಸಿ ಎಲ್ಲವನ್ನೂ ‘ಕಾಪಿ–ಪೇಸ್ಟ್’ ಮಾಡಿದರೆ ಸಾಲದೇ? ಸಾಲದು. ಹಳೆಯ ಬಯೋಸ್ ಪದ್ಧತಿಯ ಗಣಕ ಚಾಲೂ ಆದೊಡನೆ ಓದುವುದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು. ಆರಂಭದ ಪುಟ್ಟ ಆದೇಶಸರಣಿಯೂ ಡಿಸ್ಕಿನ ವಿಭಾಗಗಳ ಕೋಷ್ಟಕವೂ ಇರುವುದು ಅಲ್ಲೇ. ಆ 512 ಬೈಟುಗಳು ಯಾವ ಕಡತಕ್ಕೂ ಸೇರಿದವಲ್ಲ. ಹಾಗಾಗಿ ಕಾಪಿ ಮಾಡುವವನ ಕಣ್ಣಿಗೆ ಅವು ಬೀಳುವುದಿಲ್ಲ. ಹೊಸ ಯುಇಎಫ್‌ಐ ಪದ್ಧತಿಯಲ್ಲಿ ಈ ಕೆಲಸಕ್ಕೆ ಒಂದು ಸಣ್ಣ ವಿಭಾಗವೇ ಇದೆ. ಅದನ್ನೂ ಬಳಕೆದಾರರಿಂದ ಮರೆಮಾಡಲಾಗಿರುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಕುಟುಂಬಗಳು ಜಿಲ್ಲೆಯ ಬೇರೆ ಕಡೆಗಳಿಗೆ ಬಂದವು. ಜನ ಬಂದರು, ದನಕರು ಬಂದವು. ಅನೇಕರಿಗೆ ಹಕ್ಕುಪತ್ರ ಮಾತ್ರ ದಶಕಗಳು ಕಳೆದರೂ ಬರಲಿಲ್ಲ. ಆ ನೋವಿನ ಮುಂದೆ ಡಿಸ್ಕಿನ ತೊಂದರೆ ಏನೇನೂ ಅಲ್ಲ. ಆದರೆ ಸಾಮಾನು ಸಾಗಿಸಿದ ಮಾತ್ರಕ್ಕೆ ನೆಲೆ ಸಿಗದು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಸರಿಯಾದ ದಾರಿ ತದ್ರೂಪು ನಕಲು, ಅಂದರೆ ಕ್ಲೋನಿಂಗ್. ಇಲ್ಲಿ ಕಡತಗಳನ್ನು ಒಂದೊಂದಾಗಿ ಆರಿಸುವುದಿಲ್ಲ. ಆರಂಭದ ಬೈಟುಗಳು, ಕೋಷ್ಟಕ, ವಿಭಾಗಗಳು ಎಲ್ಲವೂ ಇದ್ದ ಕ್ರಮದಲ್ಲೇ ಹೋಗುತ್ತವೆ. ತೈವಾನಿನ ರಾಷ್ಟ್ರೀಯ ಉನ್ನತ ಗಣನೆ ಕೇಂದ್ರದಲ್ಲಿ ರೂಪುಗೊಂಡ ‘ಕ್ಲೋನ್‌ಜಿಲ್ಲಾ’ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಉಚಿತವಾಗಿ ಮಾಡುತ್ತದೆ. ಸಮಯದ ಲೆಕ್ಕ ಸುಲಭ: 500 ಗಿಗಾಬೈಟನ್ನು ಸೆಕೆಂಡಿಗೆ 100 ಮೆಗಾಬೈಟಿನಂತೆ ಸಾಗಿಸಲು 5,000 ಸೆಕೆಂಡು, ಸುಮಾರು 83 ನಿಮಿಷ. ಹಳೆಯ ಯುಎಸ್‌ಬಿ 2.0 ತಂತಿಯಲ್ಲಿ ವೇಗ 30 ಮೆಗಾಬೈಟಿಗೆ ಇಳಿದರೆ ನಾಲ್ಕೂವರೆ ಗಂಟೆ ದಾಟುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ಮೂರು ಎಚ್ಚರಿಕೆಗಳಿವೆ. ಹಳೆಯ ಮಾದರಿಯ ಕೋಷ್ಟಕ ವಿಳಾಸಕ್ಕೆ 32 ಬಿಟ್‌ಗಳನ್ನಷ್ಟೇ ಬಳಸುತ್ತದೆ. 2ರ 32ನೇ ಘಾತವನ್ನು 512ರಿಂದ ಗುಣಿಸಿದರೆ ಸುಮಾರು 2.2 ಟೆರಾಬೈಟ್. ನೀವು 4 ಟೆರಾಬೈಟಿನ ಡಿಸ್ಕ್ ಕೊಂಡರೂ ಮಿಕ್ಕ ಜಾಗಕ್ಕೆ ಅದರಲ್ಲಿ ವಿಳಾಸವಿರದು. ಎರಡನೆಯದಾಗಿ, ನಕಲಿಗೂ ಮೂಲಕ್ಕೂ ಗುರುತಿನ ಸಂಖ್ಯೆ ಒಂದೇ. ಮೊದಲ ಬಾರಿ ಚಾಲೂ ಮಾಡುವಾಗ ಹಳೆಯ ಡಿಸ್ಕನ್ನು ಬಿಚ್ಚಿಡಿ. ಮೂರನೆಯದಾಗಿ, ಹೆಚ್ಚುವರಿ ಜಾಗ ತಾನಾಗಿ ಸೇರಿಕೊಳ್ಳದಿರಬಹುದು. ವಿಂಡೋಸ್ 10ರಲ್ಲಿ ಮುಖ್ಯ ವಿಭಾಗದ ಬಲಕ್ಕೆ ಚೇತರಿಕೆಯ ವಿಭಾಗವೊಂದು ಗೋಡೆಯಂತೆ ಕುಳಿತಿರುವುದುಂಟು. ಆಗ ಅದರದೇ ಡಿಸ್ಕ್ ನಿರ್ವಹಣಾ ಸಾಧನದಲ್ಲಿ ಆ ಗೋಡೆಯಾಚೆಯ ಖಾಲಿ ಜಾಗವನ್ನು ಮುಟ್ಟಲಾಗದು!

ನನ್ನ ಆಕ್ಷೇಪ ಇರುವುದು ಇಲ್ಲೇ. ಡಿಸ್ಕ್ ಬದಲಾಯಿಸುವುದು ಅಪರೂಪದ ಘಟನೆಯಲ್ಲ. ಗಣಕದ ಆಯುಸ್ಸಿನಲ್ಲಿ ನಿರೀಕ್ಷಿತವೇ. ಆದರೂ ವ್ಯವಸ್ಥೆಯನ್ನು ರಚಿಸಿದವರು ಅದಕ್ಕೆ ನೇರ ದಾರಿ ಇಟ್ಟಿಲ್ಲ. ವಿಂಡೋಸ್ 7ರಲ್ಲಿ ಇಡೀ ವ್ಯವಸ್ಥೆಯ ಬಿಂಬ ತೆಗೆದಿಡುವ ಸೌಲಭ್ಯವಿತ್ತು. 2017ರಲ್ಲಿ ಮೈಕ್ರೋಸಾಫ್ಟ್ ಅದನ್ನು ಮುಂದೆ ಬೆಳೆಸದ ಸೌಲಭ್ಯಗಳ ಪಟ್ಟಿಗೆ ಸೇರಿಸಿ, ಬೇರೆ ಕಂಪನಿಗಳ ತಂತ್ರಾಂಶ ಬಳಸಿರೆಂದು ಸೂಚಿಸಿತು. ಮನೆ ಕಟ್ಟಿದವನೇ ಬಾಗಿಲು ಬೇರೆಯವರಿಂದ ಕೊಳ್ಳಿ ಎಂದಂತೆ!

ನಮ್ಮ ಮೇಲೂ ಆಕ್ಷೇಪವಿದೆ. ಕನ್ನಡದಲ್ಲಿ ಗಣಕ ಕಲಿಸುವ ನಾವು ‘ಇಲ್ಲಿ ಒತ್ತಿ, ಅಲ್ಲಿ ಒತ್ತಿ’ ಎನ್ನುತ್ತೇವೆಯೇ ಹೊರತು ‘ಏಕೆ’ ಎಂಬುದನ್ನು ಹೇಳುವುದು ಕಡಿಮೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಮ್ಮ ಹೊಳೆಯ ಹೆಸರನ್ನೇ ಹೊತ್ತ ‘ತುಂಗಾ’ ಫಾಂಟ್ ಬಂದಿತ್ತು. ಆದರೂ ಬಹುಕಾಲ ಹಳೆಯ ಸಂಕೇತಗಳಲ್ಲೇ ಬರೆದೆವು, ಬರೆಸಿದೆವು.

ಸೋಗಾನೆಯ ಮೇಷ್ಟರು ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಕೇಳಿ ತಂದಿದ್ದರು. ಅದನ್ನು ಹೊಸ ಡಿಸ್ಕಿಗೆ ಕ್ಲೋನ್ ಮಾಡಿದೆವು. ಹಾಡುಗಳೆಲ್ಲ ಮತ್ತೆ ಕನ್ನಡದಲ್ಲೇ ಕಂಡವು. ಈಗ ಅವರು ಒಂದೊಂದೇ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದುತ್ತಿದ್ದಾರೆ. ನೀವೂ ಹಾಗೆಯೇ ಮಾಡಿ. ಹೊಸ ಡಿಸ್ಕಿನಲ್ಲಿ ನಿಮ್ಮ ಹಳೆಯ ಕನ್ನಡ ಕಡತವೊಂದನ್ನು ತೆರೆದು, ಓದಿ ನೋಡುವವರೆಗೆ ಹಳೆಯ ಡಿಸ್ಕನ್ನು ಯಾರಿಗೂ ಕೊಡಬೇಡಿ, ಅಳಿಸಲೂಬೇಡಿ.